ಕಾಡಿನೂರಿಗೆ ಹೆಲಿಕಾಪ್ಟರು ಬರಬೇಕಾದರೆ

ಕಳೆದ ಮಳೆಗಾಲದ ಒಂದು ಭಾನುವಾರ ನಾವು ಬೆಳಗಾವಿಯಲ್ಲಿ ರೈಲು ಹತ್ತಿ ಗುಂಜಿಯಲ್ಲಿ ಇಳಿದೆವು. ಖಾನಾಪುರ ದಾಟಿದ ಮೇಲೆ, ಲೋಂಡಾ ಬರುವುದಕ್ಕೆ ಮುಂಚೆ ಸಿಕ್ಕುವ ಸಣ್ಣ ನಿಲ್ದಾಣ ಅದು. ನಮ್ಮ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿರುವ ಆ ಊರಿನ ಹುಡುಗನೊಬ್ಬ ತನ್ನ ಮನೆಗೊಮ್ಮೆ ಬರಲೇಬೇಕೆಂದು ಬಹುದಿನಗಳಿಂದ ಒತ್ತಾಯಿಸುತ್ತಿದ್ದ. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ನಿಲ್ದಾಣದ ಮಾಡಿನ ಕೆಳಗೆ ನಿಂತು ಹೊಳವಾಗಲೆಂದು ಕಾಯುತ್ತಿದ್ದಾಗ ಅವನು ಪಡುವಣ ದಿಕ್ಕಿಗೆ ಕೈತೋರಿದ. ಅಲ್ಲಿ ಬೆಟ್ಟಗಳಿದ್ದುವು, ಆದರೆ ಒಂದೂ ಕಾಣುತ್ತಿರಲಿಲ್ಲ.

"ಸರ್, ನಮ್ಮ ಸೋದರಮಾವನ ಊರು ಆ ಕಾಡಿನೊಳಗೆ. ಹೋದ ವರ್ಷ ಅತ್ತೆಗೆ ಹೆರಿಗೆ ಬೇನೆ ಬಂದಾಗ ಕಂಬಳಿಯ ಜೋಲಿ ಕಟ್ಟಿ ಹೊತ್ತು ತಂದೆವು. ನಾನೂ ಒಂದು ತುದಿ ಹಿಡಿದಿದ್ದೆ. ಅತ್ತೆ ಉಳಿದರು, ಮಗು ಉಳಿಯಲಿಲ್ಲ. ಸಾಂಬ್ರಾದಿಂದ ಹೆಲಿಕಾಪ್ಟರು ಬಂದರೆ ಹತ್ತು ಹನ್ನೆರಡು ನಿಮಿಷ ಸಾಕು. ಏಕೆ ಬರುವುದಿಲ್ಲ, ಸರ್?"

ಹುಡುಗನ ಗಣಿತ ತಪ್ಪಿರಲಿಲ್ಲ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ನಿರ್ಮಾಣವಾದದ್ದು. ಅಲ್ಲಿಂದ ಗುಂಜಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 40 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಗಂಟೆಗೆ 200 ಕಿಲೋಮೀಟರು ವೇಗದ ಯಂತ್ರಕ್ಕೆ ಅದು ಹನ್ನೆರಡು ನಿಮಿಷದ ಹಾದಿ. ಸಾಂಬ್ರಾದಲ್ಲಿ ಹೆಲಿಕಾಪ್ಟರು ಸದಾ ಸಿದ್ಧವಾಗಿ ನಿಂತಿದೆಯೆಂದೇ ಭಾವಿಸೋಣ. ಆಗಲೂ ಆ ಹುಡುಗನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹನ್ನೆರಡು ನಿಮಿಷ ಕಳೆದು ಕಾಡಿನ ಮೇಲೆ ಬಂದು ನಿಂತ ವೈಮಾನಿಕನು ಹದಿಮೂರನೆಯ ನಿಮಿಷದಲ್ಲಿ ಮಾಡಬೇಕಾದುದೇನು?

ಇದು ಒಬ್ಬ ಹುಡುಗನ ಮನೆಯ ಸಂಕಟ ಮಾತ್ರವಲ್ಲ. ಖಾನಾಪುರ ತಾಲೂಕಿನ ಪಶ್ಚಿಮ ಭಾಗವೆಲ್ಲ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟುವುದು ಈ ತಾಲೂಕಿನ ಕಣಕುಂಬಿಯಲ್ಲಿ. ಮಹದಾಯಿಯ ಮೂಲವೂ ಇಲ್ಲಿಯೇ. 2011ರಲ್ಲಿ ಭೀಮಗಡ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾದ ಸುಮಾರು 190 ಚದರ ಕಿಲೋಮೀಟರು ಅರಣ್ಯದ ಒಳಗೂ ಅಂಚಿನಲ್ಲೂ ಹಲವು ಊರುಗಳುಂಟು. ಅವುಗಳಲ್ಲೊಂದಾದ ಆಮಗಾವ ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿನಲ್ಲಿ ನಿಲ್ಲುತ್ತದೆ. 2024ರ ಜುಲೈ ತಿಂಗಳಿನಲ್ಲಿ ಆ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಮಳೆಯಲ್ಲಿ ಕಾಡುದಾರಿ ಹಿಡಿದು ಹೊತ್ತು ನಡೆದು ವಾಹನ ಮುಟ್ಟಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಂತಹ ಸುದ್ದಿ ಬಂದಾಗಲೆಲ್ಲ ಹೆಲಿಕಾಪ್ಟರು ಬೇಕೆಂಬ ಮಾತು ಎಲ್ಲಾದರೂ ಕೇಳಿಬರುತ್ತದೆ.

ಆ ಬೇಡಿಕೆ ನ್ಯಾಯವಾದುದೇ. ಆದರೆ ಕೇಳುವವರೂ ಕೊಡುವವರೂ ಯಂತ್ರದ ಬೆಲೆಯನ್ನಷ್ಟೆ ಲೆಕ್ಕಹಾಕುತ್ತಾರೆ. ಅದನ್ನು ನಡೆಸುವವನ ಕೆಲಸವೇನೆಂದು ವಿವೇಚಿಸುವವರು ಕಡಮೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಾಡಿನಲ್ಲಿ ಹೆಲಿಕಾಪ್ಟರು ನಡೆಸುವ ಕೆಲಸದ ಅರ್ಧ ಪಾಲು ನೆಲದ ಮೇಲೆ, ಅದೂ ಮುಂಚಿತವಾಗಿ, ಆಗಬೇಕಾದದ್ದು. ನೆಲವನ್ನು ಸಿದ್ಧಪಡಿಸದೆ ವೈಮಾನಿಕನನ್ನು ಕರೆಯುವುದೆಂದರೆ ಒಂದು ಜೀವ ಉಳಿಸಲು ನಾಲ್ಕು ಜೀವಗಳನ್ನು ಒತ್ತೆಯಿಟ್ಟಂತೆ.

ಕಾರಣವನ್ನು ತಿಳಿಯಬೇಕಾದರೆ ಹೆಲಿಕಾಪ್ಟರು ಆಕಾಶದಲ್ಲಿ ನಿಲ್ಲುವುದು ಹೇಗೆಂಬುದನ್ನು ನೋಡಬೇಕು. ಬಾವಿಯ ಹಗ್ಗಕ್ಕೆ ಜೋತುಬಿದ್ದ ಕೊಡದಂತೆ ಅದೇನೂ ಮೇಲಿನಿಂದ ತೂಗುಬಿದ್ದಿಲ್ಲ. ಅದರ ತಿರುಗುವ ರೆಕ್ಕೆಗಳು ಗಾಳಿಯನ್ನು ಸತತವಾಗಿ ಕೆಳಕ್ಕೆ ತಳ್ಳುತ್ತವೆ. ನ್ಯೂಟನ್ನನ ಮೂರನೆಯ ನಿಯಮದಂತೆ ಆ ಗಾಳಿ ಯಂತ್ರವನ್ನು ಮೇಲಕ್ಕೆ ತಳ್ಳುತ್ತದೆ. ಬೆಂಗಳೂರಿನ ಎಚ್‌.ಎ.ಎಲ್. ಕಾರ್ಖಾನೆಯಲ್ಲಿ ರೂಪುಗೊಂಡು 1992ರ ಆಗಸ್ಟ್ 20ರಂದು ಮೊದಲ ಬಾರಿ ಹಾರಿದ 'ಧ್ರುವ' ಹೆಲಿಕಾಪ್ಟರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 13.2 ಮೀಟರು. ಜನ, ಇಂಧನ, ಸಲಕರಣೆ ಸೇರಿ 5,000 ಕಿಲೋಗ್ರಾಂ ತೂಗುವಾಗ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲಬೇಕಾದರೆ ಅದು ಸೆಕೆಂಡಿಗೆ ಸುಮಾರು 1,900 ಕಿಲೋಗ್ರಾಂ ಗಾಳಿಯನ್ನು ಹಿಡಿದು ಕೆಳಕ್ಕೆ ದೂಡಬೇಕೆಂದು ಲೆಕ್ಕ ಹೇಳುತ್ತದೆ. ಹೀಗೆ ಇಳಿಯುವ ಗಾಳಿಯ ವೇಗ ಗಂಟೆಗೆ 90 ಕಿಲೋಮೀಟರನ್ನು ಮೀರುತ್ತದೆ. ಹೆಲಿಕಾಪ್ಟರು ಇಳಿಯುವಾಗ ಮನೆಯ ಹಂಚು ಹಾರುವುದೂ, ಗಿಡದ ಕೊಂಬೆ ಮುರಿಯುವುದೂ ಇದರಿಂದಲೇ.

ಈಗ ಗಾಳಿಯೇ ತೆಳುವಾದರೆ? ಸಾಂಬ್ರಾ ಸಮುದ್ರಮಟ್ಟದಿಂದ 758 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಬೇಸಗೆಯ ಮಧ್ಯಾಹ್ನ ಉಷ್ಣತೆ 35 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಸಾಂದ್ರತೆಗಿಂತ ನೂರಕ್ಕೆ ಹದಿನಾಲ್ಕು ಹದಿನೈದು ಪಾಲು ಇಳಿದಿರುತ್ತದೆ. ತೇವವೂ ಗಾಳಿಯನ್ನು ಹಗುರಗೊಳಿಸುತ್ತದೆ. ಒದ್ದೆಯಾದದ್ದೆಲ್ಲ ಭಾರವೆಂದು ನಾವು ತಿಳಿದಿರುತ್ತೇವೆ. ಆದರೆ ನೀರಾವಿಯ ಅಣುಭಾರ 18, ಒಣಗಾಳಿಯದು ಸರಾಸರಿ 29 ಆದುದರಿಂದ ಆವಿ ತುಂಬಿದ ಗಾಳಿ ಒಣಗಾಳಿಗಿಂತ ಹಗುರ. ಸಾಂದ್ರತೆ ಇಷ್ಟು ಕುಗ್ಗಿದಾಗ ಅದೇ ತೂಕವನ್ನು ಎತ್ತಿಹಿಡಿಯಲು ನೂರಕ್ಕೆ 8 ಪಾಲು ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಎಂಜಿನ್ನು ಕೂಡ ತೆಳುಗಾಳಿಯನ್ನೇ ಉಸಿರಾಡುವುದರಿಂದ ಅದರ ಶಕ್ತಿ ಕುಗ್ಗಿರುತ್ತದೆ. ಖರ್ಚು ಏರಿತು, ಸಂಬಳ ಇಳಿಯಿತು ಎಂಬಂತಹ ಸ್ಥಿತಿ. ಆದಕಾರಣ ವೈಮಾನಿಕನು ಹೊರಡುವ ಮುನ್ನವೇ ಎತ್ತರ, ಉಷ್ಣತೆ, ತೂಕ ಈ ಮೂರನ್ನೂ ಕೋಷ್ಟಕದಲ್ಲಿಟ್ಟು ನೋಡುತ್ತಾನೆ. ಇನ್ನೊಬ್ಬ ಸಂಬಂಧಿಕನೂ ರೋಗಿಯ ಜೊತೆಗೆ ಬರಲಿ ಎಂದರೆ ಅವನು ತಲೆಯಾಡಿಸಿದರೆ, ಅದು ಕಲ್ಲೆದೆಯ ಮಾತಲ್ಲ, ಕೋಷ್ಟಕದ ಮಾತು.

ಈ ಪಾಠವನ್ನು ಜಗತ್ತು ಕಲಿತದ್ದು ನಮ್ಮ ನೆರೆಯ ಕಾಡಿನಲ್ಲಿಯೇ. 1944ರ ಏಪ್ರಿಲ್ ತಿಂಗಳು, ಬರ್ಮಾದ ಯುದ್ಧ ನಡೆಯುತ್ತಿದ್ದ ಕಾಲ. ಶತ್ರುಗಳಿದ್ದ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು ಅದರ ಚಾಲಕನೂ ಮೂವರು ಬ್ರಿಟಿಷ್ ಸೈನಿಕರೂ ಸಿಕ್ಕಿಕೊಂಡರು. ಅಸ್ಸಾಮಿನ ಲಾಲಾಘಾಟಿನಲ್ಲಿ ನೆಲೆಸಿದ್ದ ಅಮೆರಿಕದ ತಂಡದ ಕಾರ್ಟರ್ ಹಾರ್ಮನ್ ಎಂಬ ತರುಣ ವೈಮಾನಿಕನಿಗೆ ಅವರನ್ನು ತರಲು ಕರೆ ಬಂತು. ಅವನ ಸಿಕಾರ್ಸ್ಕಿ ಹೆಲಿಕಾಪ್ಟರಿನ ಎಂಜಿನ್ನಿನ ಶಕ್ತಿ 200 ಅಶ್ವಶಕ್ತಿಯಷ್ಟು ಮಾತ್ರ. ಆ ಬಿಸಿಯ, ತೇವದ ಗಾಳಿಯಲ್ಲಿ ಅದು ಚಾಲಕನ ಹೊರತು ಒಬ್ಬನನ್ನಷ್ಟೆ ಎತ್ತಬಲ್ಲುದಾಗಿತ್ತು. ಆದುದರಿಂದ ನಾಲ್ವರಿಗೆ ನಾಲ್ಕು ಸಲ ಹೋಗಬೇಕಾಯಿತು. ಇಬ್ಬರನ್ನು ತಂದ ಮೇಲೆ ಎಂಜಿನ್ನು ಕಾದು ಕೆಟ್ಟು, ಉಳಿದಿಬ್ಬರನ್ನು ಮರುದಿನ ತರಬೇಕಾಯಿತು. ಕಾಡಿನೊಳಗಿಂದ ಹೆಲಿಕಾಪ್ಟರಿನಲ್ಲಿ ಜನರನ್ನು ರಕ್ಷಿಸಿದ ಮೊದಲ ಪ್ರಸಂಗವೆಂದು ಅದು ಇತಿಹಾಸದಲ್ಲಿ ಸೇರಿದೆ.

ಆ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಾರ್ಮನ್ ಅವರನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಲಿಲ್ಲ. ಕೆಲವೇ ಮೈಲಿಗಳಾಚೆ ಹೊಳೆಯ ಮರಳದಿಣ್ಣೆಯೊಂದರ ಮೇಲೆ ಇಳಿಸಿದ. ಅಲ್ಲಿಂದ ಸಣ್ಣ ವಿಮಾನಗಳು ಮುಂದಕ್ಕೆ ಒಯ್ದುವು. ವಿಮಾನ ಇಳಿಯಬಲ್ಲಂತಹ ದಿಣ್ಣೆಯೊಂದು ಗೊತ್ತಾಗಿದ್ದುದರಿಂದಲೇ ಆ ದುರ್ಬಲ ಯಂತ್ರದಿಂದ ನಾಲ್ಕು ಜೀವ ಉಳಿದುವು. 1950ರ ದಶಕದಲ್ಲಿ ಮಲಯದ ಕಾಡುಗಳಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವ ಕ್ರಮ ನೆಲೆಗೊಂಡಾಗಲೂ ನೆಲದ ಮೇಲಿದ್ದ ಸೈನಿಕರು ಮರ ಕಡಿದು ಇಳಿದಾಣ ಸಿದ್ಧಪಡಿಸುವುದು ಆ ಕೆಲಸದ ಭಾಗವೇ ಆಗಿತ್ತು.

ಇಳಿದಾಣವೆಂದರೆ ಯಂತ್ರ ಹಿಡಿಸುವಷ್ಟು ಜಾಗ ಎಂದು ತಿಳಿಯುವುದುಂಟು. ಅದು ತಪ್ಪು. 30 ಮೀಟರು ಉದ್ದಗಲದ ಬಯಲನ್ನು 25 ಮೀಟರು ಎತ್ತರದ ಮರಗಳು ಸುತ್ತುವರಿದಿದ್ದರೆ ಅದು ಬಯಲಲ್ಲ, ಬಾವಿ. ತೆರವಾದ ಗಟ್ಟಿ ನೆಲದ ಸಮೀಪಕ್ಕೆ ಬಂದಾಗ ಕೆಳಕ್ಕೆ ತಳ್ಳಿದ ಗಾಳಿಗೆ ನೆಲ ಅಡ್ಡವಾಗಿ, ಯಂತ್ರಕ್ಕೆ ಒಂದು ಬಗೆಯ ಆಸರೆ ದೊರೆಯುತ್ತದೆ. ನಿಲ್ಲಲು ಬೇಕಾದ ಶಕ್ತಿ ಕಡಮೆಯಾಗುತ್ತದೆ. ಮರದ ತುದಿಗಳ ಮೇಲೆ ಆ ಆಸರೆ ಸಿಕ್ಕುವುದಿಲ್ಲ. ಹೀಗಾಗಿ ಬಾವಿಯಂತಹ ತೆರಪಿನೊಳಕ್ಕೆ ಇಳಿಯುವ ವೈಮಾನಿಕನಿಗೆ ಅತ್ಯಧಿಕ ಶಕ್ತಿ ಬೇಕಾಗುವುದು ಅತ್ಯಂತ ಇಕ್ಕಟ್ಟಾದ ಜಾಗದಲ್ಲಿಯೇ. ಅವಸರದಿಂದ ನೇರವಾಗಿ ಇಳಿದರೆ ತಾನೇ ಕೆಳಕ್ಕೆ ತಳ್ಳಿದ ಗಾಳಿ ಮತ್ತೆ ಮೇಲಕ್ಕೆ ಸುತ್ತಿಬಂದು ರೆಕ್ಕೆಗಳ ಸುತ್ತ ಸುಳಿಯುಂಗುರ ಕಟ್ಟುತ್ತದೆ. ಆ ಸುಳಿಯಲ್ಲಿ ಸಿಕ್ಕಿದ ಹೆಲಿಕಾಪ್ಟರು ಎಂಜಿನ್ನಿನ ಶಕ್ತಿ ಹೆಚ್ಚಿಸಿದರೂ ಕುಸಿಯುತ್ತಲೇ ಹೋಗುತ್ತದೆ. ಬಾಲದ ಸಣ್ಣ ರೋಟರು ಹಿಂದಿನ ಕೊಂಬೆಗೆ ತಾಗಿತೋ, ಯಂತ್ರ ಬುಗುರಿಯಂತೆ ತಿರುಗಿಬಿಡುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ತಂತಿ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಾಯ್ದ ವಿದ್ಯುತ್ತಿನ ತಂತಿ ಹಸಿರು ಕಾಡಿನ ಹಿನ್ನೆಲೆಯಲ್ಲಿ ಮೇಲಿನಿಂದ ನೋಡುವವನ ಕಣ್ಣಿಗೆ ಬೀಳುವುದೇ ಇಲ್ಲ.

ಎಂಜಿನ್ನು ನಿಂತರೆ? ಮಹಾಗನಿಯ ಮರದಿಂದ ಉದುರುವ ಬೀಜವನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಒಂದೇ ರೆಕ್ಕೆಯ ಆ ಬೀಜ ಗಿರಿಗಿರಿ ತಿರುಗುತ್ತ ಮೆಲ್ಲನೆ ಇಳಿಯುತ್ತದೆ. ಹೆಲಿಕಾಪ್ಟರಿಗೂ ಈ ಸ್ವಯಂಭ್ರಮಣ ಸಾಧ್ಯ. 1972ರ ಜೂನ್ 21ರಂದು ಜ್ಯಾಂ ಬುಲೆ ಎಂಬ ಫ್ರೆಂಚ್ ವೈಮಾನಿಕ ಲಾಮಾ ಹೆಲಿಕಾಪ್ಟರನ್ನು 12,442 ಮೀಟರು ಎತ್ತರಕ್ಕೆ ಒಯ್ದಾಗ ಎಂಜಿನ್ನು ಆರಿಹೋಯಿತು. ಅಷ್ಟೆತ್ತರದಿಂದ ಎಂಜಿನ್ನಿಲ್ಲದೆ ತಿರುಗುರೆಕ್ಕೆಗಳನ್ನೇ ನಂಬಿ ಅವನು ಸುಖವಾಗಿ ನೆಲ ಮುಟ್ಟಿದ. ಅದೇ ಮಾದರಿಯ ಹೆಲಿಕಾಪ್ಟರನ್ನು ಎಚ್‌.ಎ.ಎಲ್. 'ಚೀತಾ' ಎಂಬ ಹೆಸರಿನಿಂದ ನಮ್ಮಲ್ಲಿ ತಯಾರಿಸಿತು. ಆದರೆ ಅವನನ್ನು ಉಳಿಸಿದ್ದು ಎತ್ತರ. ಕೆಳಕ್ಕೆ ಬೀಳುವ ವೇಗವೇ ರೆಕ್ಕೆಗಳನ್ನು ತಿರುಗಿಸಬೇಕಾದುದರಿಂದ ಆ ವೇಗ ಕೂಡಿಬರಲು ಎತ್ತರ ಬೇಕು, ಇಲ್ಲವೆ ಮುನ್ನಡೆಯ ವೇಗ ಬೇಕು. ಮರಗಳ ಮೇಲೆ 40 ಮೀಟರು ಎತ್ತರದಲ್ಲಿ ನಿಂತಲ್ಲೇ ನಿಂತು ಹಗ್ಗ ಇಳಿಬಿಡುವ ವೈಮಾನಿಕನಿಗೆ ಎರಡೂ ಇಲ್ಲ. ಕಾಡಿನ ಕೆಲಸದಲ್ಲಿ ಕಳೆಯುವ ಪ್ರತಿಯೊಂದು ನಿಮಿಷವೂ ಇಂತಹ ಸ್ಥಿತಿಯ ನಿಮಿಷ. ನೆಲ ಸಿದ್ಧವಾಗಿದ್ದರೆ ಆ ನಿಮಿಷಗಳು ಕಡಮೆಯಾಗುತ್ತವೆ.

ಇನ್ನು ಮೋಡದ ಮಾತು. ಕಡಲಗಾಳಿ ಸಹ್ಯಾದ್ರಿಯನ್ನು ಏರುತ್ತ ತಣ್ಣಗಾಗಿ ಮೋಡವಾಗುತ್ತದೆ. ಗಾಳಿಯ ಉಷ್ಣತೆಗೂ ಅದರ ಇಬ್ಬನಿಬಿಂದುವಿಗೂ ಒಂದು ಡಿಗ್ರಿ ಅಂತರವಿದ್ದರೆ ಮೋಡದ ತಳ ಸುಮಾರು 125 ಮೀಟರು ಎತ್ತರದಲ್ಲಿರುತ್ತದೆ. ಜುಲೈ ತಿಂಗಳಿನಲ್ಲಿ ಈ ಕಾಡುಗಳಲ್ಲಿ ಎಷ್ಟೋ ದಿನ ಅಷ್ಟು ಅಂತರವೂ ಇರುವುದಿಲ್ಲ. ಕಣಿವೆಯ ಎರಡೂ ಬದಿಯ ಗುಡ್ಡಗಳು ಅದಕ್ಕಿಂತ ಎತ್ತರವಾಗಿದ್ದರೆ ಕಣಿವೆಗೆ ಮುಚ್ಚಳ ಹಾಕಿದಂತಾಯಿತು. ನೆಲವನ್ನು ಕಣ್ಣಾರೆ ಕಂಡು ಇಳಿಯಬೇಕಾದ ವೈಮಾನಿಕನಿಗೆ ದಾರಿಯೆಲ್ಲಿ? ಗುಂಜಿಯ ನಿಲ್ದಾಣದಲ್ಲಿ ಆ ಹುಡುಗ ಬೆಟ್ಟಗಳತ್ತ ಕೈತೋರಿದಾಗ ನಮಗೆ ಬೆಟ್ಟ ಕಾಣಲಿಲ್ಲವಷ್ಟೆ. ವೈಮಾನಿಕನಿಗೂ ಕಾಣುತ್ತಿರಲಿಲ್ಲ.

ಕಾಡು ಮತ್ತು ಮೋಡ ಕೂಡಿದರೆ ಏನಾಗಬಹುದೆಂಬುದನ್ನು ದೇಶ ಮರೆತಿಲ್ಲ. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರಿದ್ದ ಹೆಲಿಕಾಪ್ಟರು ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿನ ಮೇಲೆ ಕಾಣೆಯಾಯಿತು. ದೊಡ್ಡ ಶೋಧಕಾರ್ಯ ನಡೆದರೂ ಅವಶೇಷ ಕಂಡದ್ದು ಮರುದಿನ. ವೈಮಾನಿಕರಿಬ್ಬರೂ ಸೇರಿ ಐವರೂ ತೀರಿಕೊಂಡಿದ್ದರು. 2025ರ ಮೇ 17ರಂದು ಕೇದಾರನಾಥದ ಬಳಿ ರೋಗಿಯನ್ನು ತರಲು ಹೋದ ಹೆಲಿಕಾಪ್ಟರ್ ಆಂಬುಲೆನ್ಸು ಇಳಿಯುವಾಗ ಬಾಲ ಮುರಿದುಕೊಂಡಿತು. ಅದೃಷ್ಟವಶಾತ್ ಒಳಗಿದ್ದವರು ಬದುಕಿದರು. ಇವನ್ನು ಹೇಳುತ್ತಿರುವುದು ಹೆದರಿಸುವುದಕ್ಕಲ್ಲ. ವೈಮಾನಿಕನು "ಈಗ ಬರಲಾಗದು" ಎಂದಾಗ ಅದನ್ನು ಹೇಡಿತನವೆಂದು ನಾವು ಕರೆಯಬಾರದು. ದೂರವಾಣಿಯಲ್ಲಿ ದೊಡ್ಡವರ ಒತ್ತಡವನ್ನೂ ತರಬಾರದು. ಅವನ 'ಇಲ್ಲ' ಎಂಬುದು ಸಹ ವಿಜ್ಞಾನದ ಒಂದು ಫಲಿತಾಂಶ. ಅದನ್ನು 'ಹೌದು' ಎಂದು ಬದಲಿಸಬೇಕಾದರೆ ಬದಲಿಸಬೇಕಾದದ್ದು ನೆಲದ ಸ್ಥಿತಿಯನ್ನು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕಾಡಿನ ಪ್ರತಿಯೊಂದು ಊರಗುಂಪಿಗೂ ಒಂದು ಇಳಿದಾಣವನ್ನು ಗೊತ್ತುಮಾಡಿ ಅಳೆದಿಡಬೇಕು. ಇದಕ್ಕಾಗಿ ಮರ ಕಡಿಯಬೇಕಾಗಿಲ್ಲ. ಶಾಲೆಯ ಆಟದ ಬಯಲು, ಬೇಸಗೆಯ ಬರಿಗದ್ದೆ, ಜಂಬಿಟ್ಟಿಗೆ ಕಲ್ಲಿನ ತೆರಪು ಇವುಗಳಲ್ಲಿ ಒಂದಾದರೂ ಸಿಕ್ಕೀತು. ಸಿಕ್ಕದ ಕಡೆ ರಸ್ತೆಯವರೆಗಿನ ದಾರಿಯಲ್ಲಿ ಎಲ್ಲಿಯವರೆಗೆ ಹೊತ್ತು ತಂದರೆ ಸಾಕೆಂಬುದನ್ನಾದರೂ ನಿಶ್ಚಯಿಸಬಹುದು. ಬರ್ಮಾದ ಮರಳದಿಣ್ಣೆಯನ್ನು ನೆನೆಯಿರಿ. ಎರಡನೆಯದಾಗಿ, ಬಯಲಿನ ಅಳತೆ, ಸುತ್ತಣ ಮರಗಳ ಎತ್ತರ, ತಂತಿ ಹಾದಿರುವ ದಿಕ್ಕು ಇವನ್ನು ಒಂದು ಹಾಳೆಯಲ್ಲಿ ಬರೆದು ಜಿಲ್ಲಾಡಳಿತದ ಬಳಿ ಇಡಬೇಕು. ಮೂರನೆಯದಾಗಿ, ಊರಿನ ಇಬ್ಬರು ಮೂವರು ತರುಣರಿಗೆ ಗಾಳಿಬಟ್ಟೆ ಕಟ್ಟುವುದು, ದನಕರು ಮಕ್ಕಳನ್ನು ದೂರವಿಡುವುದು, ಬಾಲದ ಕಡೆಯಿಂದ ಯಾರೂ ಸುಳಿಯದಂತೆ ನೋಡುವುದು, ಯಾವ ಗುಡ್ಡ ಕಾಣುತ್ತಿದೆ ಯಾವುದು ಕಾಣುತ್ತಿಲ್ಲವೆಂದು ವರದಿ ಹೇಳುವುದು, ಇಷ್ಟನ್ನು ಕಲಿಸಬೇಕು. ಇದೆಲ್ಲಕ್ಕೂ ತಗಲುವ ವೆಚ್ಚ ಒಂದು ಹೆಲಿಕಾಪ್ಟರಿನ ಬೆಲೆಯ ಮುಂದೆ ಗಣನೆಗೆ ಬಾರದು.

ಅಭಯಾರಣ್ಯದೊಳಗಿನ ಊರುಗಳನ್ನು ಹೊರಕ್ಕೆ ತರುವ ಯೋಜನೆಯಿರುವಾಗ ಇದೆಲ್ಲ ಏತಕ್ಕೆ ಎಂದು ಕೇಳುವವರುಂಟು. ಸ್ಥಳಾಂತರಕ್ಕೆ ವರ್ಷಗಳು ಹಿಡಿಯುತ್ತವೆ. ಹೆರಿಗೆ ಬೇನೆ ಅಷ್ಟು ದಿನ ಕಾಯುವುದಿಲ್ಲ. ಊರು ಹೋದ ಮೇಲೂ ಅರಣ್ಯರಕ್ಷಕರು ಇರುತ್ತಾರೆ, ಕಾಳ್ಗಿಚ್ಚೂ ಇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಜಲಾಶಯದ ನೀರನ್ನು ದೊಡ್ಡ ಬಕೆಟ್ಟಿನಲ್ಲಿ ಮೊಗೆದು ತಂದು ಬೆಂಕಿಯ ಮೇಲೆ ಸುರಿದುವು. ಅಲ್ಲಿಯೂ ವೈಮಾನಿಕನಿಗೆ ಬೇಕಾದದ್ದು ಮರಗಳ ಅಡ್ಡಿಯಿಲ್ಲದೆ ಇಳಿದು ಮೊಗೆಯಬಲ್ಲ ನೀರು. ಹೆಲಿಕಾಪ್ಟರಿನ ಸದ್ದಿಗೆ ಕಾಡಿನ ಪ್ರಾಣಿಗಳು ಬೆದರುತ್ತವೆಂಬ ಆಕ್ಷೇಪ ಮಾತ್ರ ನಿಜವಾದುದು. ಆದುದರಿಂದಲೇ ಇದು ಪ್ರಾಣಾಪಾಯದ ಸಮಯಕ್ಕೆ ಮೀಸಲಾಗಿರಬೇಕು, ಅತಿಥಿಗಳ ವಿಹಾರಕ್ಕಲ್ಲ.

ಆದರೆ ಈ ಸಿದ್ಧತೆಯೆಲ್ಲ ಆದರೂ ಮಳೆಗಾಲದ ಎಷ್ಟೋ ದಿನ ಹೆಲಿಕಾಪ್ಟರು ಬರಲಾರದು. ಊರುಗಳಿಗೆ ದಾರಿ ಕಡಿದುಹೋಗುವುದು ಆ ದಿನಗಳಲ್ಲಿಯೇ ಎಂಬುದು ದುಃಖದ ಸಂಗತಿ. ಆದುದರಿಂದ ಹೆಲಿಕಾಪ್ಟರಿನ ಆಸೆ ತೋರಿಸಿ ಹಳ್ಳದ ಮೇಲಿನ ಸೇತುವೆಯನ್ನು ಮುಂದೂಡುವುದು ಯಾರಿಗೂ ಸಲ್ಲದು. ತುಂಬು ತಿಂಗಳ ಗರ್ಭಿಣಿಯನ್ನು ಮಳೆ ಹಿಡಿಯುವ ಮುಂಚೆಯೇ ಆಸ್ಪತ್ರೆಯ ಸಮೀಪ ತಂದಿರಿಸುವುದು ಯಾವ ಯಂತ್ರಕ್ಕಿಂತಲೂ ಭದ್ರವಾದ ಉಪಾಯ.

ಅಂದು ಗುಂಜಿಯಲ್ಲಿ ಇಷ್ಟನ್ನೂ ಹೇಳಲು ಹೊತ್ತಿರಲಿಲ್ಲ. "ನಿಮ್ಮ ಮಾವನ ಊರಿನಲ್ಲಿ ಬಯಲು ಎಷ್ಟಿದೆ? ಅಳೆದು ಬಾ" ಎಂದಷ್ಟೆ ಹೇಳಿದ್ದೆವು. ದೀಪಾವಳಿಯ ರಜೆ ಮುಗಿಸಿ ಬಂದ ಹುಡುಗ ಪ್ರಯೋಗಶಾಲೆಯ ಪುಸ್ತಕದಲ್ಲಿ ಒಂದು ನಕ್ಷೆ ಬರೆದು ತಂದ. ಶಾಲೆಯ ಬಯಲು 64 ಹೆಜ್ಜೆ ಉದ್ದ, 41 ಹೆಜ್ಜೆ ಅಗಲ. ದಕ್ಷಿಣಕ್ಕೆ ಎರಡು ಹಲಸಿನ ಮರ. ನೆರಳಿನ ಅಳತೆಯಿಂದ ಎತ್ತರ ಕಂಡುಹಿಡಿದಿದ್ದ. ಪೂರ್ವಕ್ಕೆ ತಂತಿ, ಅದನ್ನು ಕೆಂಪು ಶಾಯಿಯಲ್ಲಿ ಎಳೆದಿದ್ದ. ಊರಿಗೂ ಬಯಲಿಗೂ ನಡುವೆ ನೀಲಿಯ ಗೆರೆಯೊಂದಿತ್ತು. ಅದೇನೆಂದು ಕೇಳಿದೆವು.

"ಹಳ್ಳ, ಸರ್. ಮಳೆಗಾಲದಲ್ಲಿ ಎದೆಮಟ್ಟ ಏರುತ್ತದೆ. ಅಳೆಯುವಾಗ ನೆನಪಾಯಿತು. ಹೆಲಿಕಾಪ್ಟರು ಬಂದು ಇಳಿದರೂ ನಾವು ಈಚೆ ದಡದಲ್ಲೇ ನಿಂತಿರುತ್ತೇವೆ. ಮೊದಲು ಇಲ್ಲಿಗೊಂದು ಕಾಲುಸಂಕ ಬೇಕಲ್ಲವೆ, ಸರ್?"